ಪದಚರ್ಚೆ: ಹಳೆಗಾಲದ ಬಟ್ಟೆ ಹೊಲಿದು ತೊಡುವವರದು ‘ವೇಷ’ವೋ ‘ದಿರಿಸೋ’?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ದೊಡ್ಡ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಅದರ ಹಿಂದೆ ನೂಲು, ನೇಯ್ಗೆ, ಹೊಲಿಗೆಗೆ ಸೇರಿದ ಕೆಲವು ಸಣ್ಣ ಪದಗಳೂ ಇವೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಅನ್ನುವ ಕೂಟವೊಂದಿದೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ಸೇರಿದ ಗೆಳೆಯರಿಂದ ಶುರುವಾದದ್ದು. 17ನೇ ಶತಮಾನಕ್ಕಿಂತ ಹಿಂದಿನ ಕತ್ತಿವರಸೆ, ಅಡುಗೆ, ಕುಣಿತ, ಬಟ್ಟೆ ಎಲ್ಲವನ್ನೂ ಓದಿ ತಿಳಿದು, ಕೈಯಾರೆ ಮಾಡಿ ನೋಡುವವರು ಇವರು. ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಹತ್ತಿರ ಬೇಸಿಗೆಯಲ್ಲಿ ‘ಪೆನ್ಸಿಕ್ ವಾರ್’ ಅನ್ನುವ ಜಾತ್ರೆ ನಡೆಸುತ್ತಾರೆ. ಹೆಸರಿಗೆ ಯುದ್ಧ. ಮೊದಲು ನಡೆದದ್ದು 1972ರಲ್ಲಿ. ಈಗ ಹತ್ತು ಸಾವಿರದ ಆಸುಪಾಸು ಜನ ಗುಡಾರ ಹಾಕಿಕೊಂಡು ಇರುತ್ತಾರೆ. ನಾನು ಹೋಗುವುದು ಬಟ್ಟೆ ಕೆಲಸಕ್ಕೆ. ಮರದ ನೆರಳಲ್ಲಿ ಕೂತು ತಕಲಿಯಲ್ಲಿ ಉಣ್ಣೆ ನೂಲುವವರು, ಪಟ್ಟಿ ನೇಯುವವರು, ಬಣ್ಣದ ಹಂಡೆ ಕಾಯಿಸುವವರು ಅಲ್ಲಿ ಸಿಗುತ್ತಾರೆ. ಅವರ ನಡುವೆ ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಬರೆಯಬೇಕು ಅಂತ ಕೂತರೆ ಮೊದಲ ಸಾಲಿನಲ್ಲೇ ತೊಡಕು. ನಾವು ಹೊಲಿದು ಹಾಕಿಕೊಳ್ಳುವ ಬಟ್ಟೆಗೆ ಏನನ್ನುವುದು?

ಊರಿನಲ್ಲಿ ಫೋಟೋ ನೋಡಿದ ಎಲ್ಲರೂ ‘ವೇಷ’ ಅನ್ನುತ್ತಾರೆ. ಶಾಲೆಯ ನೆನಪು ಇರುವವರು ‘ಛದ್ಮವೇಷ ಸ್ಪರ್ಧೆನಾ?’ ಅಂತ ಕೇಳುತ್ತಾರೆ. ವೇಷ ಅನ್ನುವ ಪದವನ್ನು ನಾನು ಕೀಳು ಮಾಡುತ್ತಿಲ್ಲ. ಯಕ್ಷಗಾನದ ಚೌಕಿಯಲ್ಲಿ ಕೂತು ಮುಂಡಾಸು ಕಟ್ಟಿಕೊಳ್ಳುವುದು ಎಷ್ಟು ದೊಡ್ಡ ವಿದ್ಯೆ ಅಂತ ಗೊತ್ತು. ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ ಅಂದಾಗ ಆ ಪದಕ್ಕೆ ಅದರದೇ ಗೌರವ ಇದೆ. ಆದರೆ ಅಲ್ಲಿ ವೇಷ ಇರುವುದು ನೋಡುವವರಿಗಾಗಿ. ರಂಗದ ಎದುರು ಜನ ಕೂತಿರುತ್ತಾರೆ. ನಮ್ಮ ಕೂಟದಲ್ಲಿ ನೋಡುಗರು ಅಂತ ಬೇರೆ ಗುಂಪೇ ಇಲ್ಲ. ಬಂದವರೆಲ್ಲರೂ ಆ ಕಾಲದ ಬಟ್ಟೆ ತೊಡಲು ಒಂದು ಪ್ರಯತ್ನವನ್ನಾದರೂ ಮಾಡಿರಬೇಕು ಅನ್ನುವುದು ನಿಯಮ. ಇನ್ನೊಂದು ಮಾತು. ಯಾರಿಗೂ ಕಾಣದ ಒಳ ಅಂಗಿಯನ್ನೂ ಇವರು ನಾರುಬಟ್ಟೆ (ಲಿನನ್) ತಂದು ಕೈಯಲ್ಲೇ ಹೊಲಿಯುತ್ತಾರೆ. ಹೊಲಿಗೆಯ ಒಳಬದಿಯನ್ನು ಮಡಚಿ, ಇನ್ನೊಂದು ಸಾಲು ಹಾಕಿ, ಒಂದು ಎಳೆಯೂ ಹೊರಗೆ ಬಾರದ ಹಾಗೆ ಮುಚ್ಚುತ್ತಾರೆ. ವೇಷಕ್ಕೆ ಅದು ಬೇಕಿಲ್ಲ. ಬಟ್ಟೆಗೆ ಬೇಕು.

ಹಾಗಾಗಿ ನನ್ನ ಒಲವು ‘ದಿರಿಸು’ ಕಡೆಗೆ. ಮದುಮಗನ ದಿರಿಸು, ದರಬಾರಿನ ದಿರಿಸು ಅನ್ನುತ್ತೇವಲ್ವಾ? ತಲೆಯಿಂದ ಕಾಲಿನವರೆಗೆ ಒಪ್ಪವಾಗಿ ಹೊಂದಿಸಿದ ಬಟ್ಟೆ ಅನ್ನುವ ಅರ್ಥ ಅದರಲ್ಲಿ ಇದೆ. ಮೋಸದ ಛಾಯೆ ಇಲ್ಲ. ‘ಪೋಷಾಕು’ ಕೂಡ ಕೆಟ್ಟದಲ್ಲ, ಆದರೆ ಅದರಲ್ಲಿ ಜರಿ, ಜಂಬ ಜಾಸ್ತಿ. ನಮ್ಮಲ್ಲಿ ಹೆಚ್ಚಿನವರು ಹೊಲಿಯುವುದು ರೈತ, ಕಮ್ಮಾರ, ನೇಕಾರರ ಬಟ್ಟೆ. ‘ಉಡುಪು’ ಅಂದರೆ ಸಮವಸ್ತ್ರದ ನೆನಪಾಗುತ್ತದೆ, ನನಗಾದರೂ. ದಿರಿಸು ಅಂದರೆ ನಿಮಗೆ ಏನು ಹೊಳೆಯುತ್ತದೆ, ಅದನ್ನು ಮೊದಲು ತಿಳಿಸಿ.

ಎರಡನೆಯದು ಕ್ರಿಯಾಪದ. ಇಲ್ಲಿ ಕನ್ನಡ ಎಷ್ಟು ಸಿರಿವಂತ ನೋಡಿ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಕಂಬಳಿ ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಜೋಡು ಮೆಟ್ಟುತ್ತೇವೆ. ಹೊಲಿಯದ ಬಟ್ಟೆಗೆ ಉಡು, ಹೊಲಿದದ್ದಕ್ಕೆ ತೊಡು, ಇದು ಹೆಚ್ಚುಕಡಿಮೆ ನಿಲ್ಲುವ ಭೇದ. ಈಗ ಸಾವಿರ ವರ್ಷ ಹಿಂದಿನ ಉತ್ತರ ಯುರೋಪಿನ ವೈಕಿಂಗ್ ಹೆಂಗಸರ ದಿರಿಸನ್ನು ತೆಗೆದುಕೊಳ್ಳಿ. ಒಳಗಿನ ಉದ್ದ ಅಂಗಿಯ ಮೇಲೆ ಇನ್ನೊಂದು ಬಟ್ಟೆ, ಅದರ ಪಟ್ಟಿಗಳನ್ನು ಎದೆಯ ಮೇಲೆ ಎರಡು ಅಂಡಾಕಾರದ ಲೋಹದ ಪಿನ್ನುಗಳಿಂದ ಹಿಡಿಸಿರುತ್ತಾರೆ. ಸ್ವೀಡನ್ನಿನ ಬಿರ್ಕಾದ ಗೋರಿಗಳಲ್ಲಿ ಪಿನ್ನುಗಳು ಸಿಕ್ಕಿವೆ. ಅವುಗಳ ತುಕ್ಕು ತಾಗಿದ ಕಡೆ ಬಟ್ಟೆಯ ಕುಣಿಕೆಗಳೂ ಚೂರುಗಳೂ ಉಳಿದಿವೆ. ಉಳಿದ ಬಟ್ಟೆ ಮಣ್ಣಾಗಿದೆ. ಅದು ಮೈಗೆ ಸುತ್ತಿಕೊಳ್ಳುವ ಬಟ್ಟೆಯಾಗಿತ್ತೋ, ಕೊಳವೆಯ ಹಾಗೆ ಹೊಲಿದದ್ದೋ ಅಂತ ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಅಂದರೆ ಆಕೆ ಉಡುತ್ತಿದ್ದಳೋ ತೊಡುತ್ತಿದ್ದಳೋ ಅನ್ನುವುದೇ ಅವರ ಚರ್ಚೆ! ಕನ್ನಡದಲ್ಲಿ ಒಂದು ವಾಕ್ಯ ಬರೆದರೂ ಯಾವುದೋ ಒಂದು ಪಕ್ಷಕ್ಕೆ ಸೇರಿದ ಹಾಗೆ. ಇಂಥ ಕಡೆ ‘ಧರಿಸು’ ಅಂತ ಬರೆದು ಪಾರಾಗುವುದು ನನಗೆ ಇಷ್ಟವಿಲ್ಲ. ‘ಹಾಕಿಕೊಳ್ಳು’ ಸಾಕೇ?

14ನೇ ಶತಮಾನದ ಯುರೋಪಿನ ಗಂಡಸರ ಕಾಲಿನ ಬಟ್ಟೆ ಇನ್ನೊಂದು ಒಗಟು. ಒಳಗೆ ನಾರುಬಟ್ಟೆಯ ತುಂಡು ಚಡ್ಡಿ. ಅದಕ್ಕೆ ನಮ್ಮ ‘ಚಲ್ಲಣ’ ಸೊಗಸಾಗಿ ಹೊಂದುತ್ತದೆ, ಆ ಪದ ಮತ್ತೆ ಬಳಕೆಗೆ ಬಂದರೆ ನನಗೆ ಖುಷಿ. ಅದರ ಮೇಲೆ ಎರಡು ಕಾಲಿಗೆ ಎರಡು ಬೇರೆ ಬೇರೆ ಉಣ್ಣೆಯ ಗವಸು, ತೊಡೆಯವರೆಗೆ ಏರಿಸಿ ಲಾಡಿಯಿಂದ ಸೊಂಟಕ್ಕೆ ಕಟ್ಟುವುದು. ಇಜಾರ ಅಲ್ಲ, ಕಾಲುಚೀಲವೂ ಅಲ್ಲ. ‘ಕಾಲ್ಗವಸು’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಅದು ಕಿವಿಗೆ ಹೇಗೆ ಕೇಳುತ್ತದೆ?

ಈಗ ತಲೆಗೆ ಬರೋಣ. ಇದು ನನಗೆ ಬಹಳ ಪ್ರೀತಿಯ ವಿಷಯ. 1921ರಲ್ಲಿ ಡೆನ್ಮಾರ್ಕಿನ ಪೌಲ್ ನೊರ್ಲುಂಡ್ ಅನ್ನುವವರು ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್‌ನಲ್ಲಿ ಹಳೆಯ ಚರ್ಚಿನ ಸ್ಮಶಾನವನ್ನು ಅಗೆದರು. ಹೆಪ್ಪುಗಟ್ಟಿದ ನೆಲದಲ್ಲಿ ಹೆಣಗಳಿಗೆ ಸುತ್ತಿದ್ದ ಉಣ್ಣೆಯ ಅಂಗಿ, ಟೊಪ್ಪಿ, ಕಾಲ್ಗವಸುಗಳು ಉಳಿದಿದ್ದವು. ರಾಜರದಲ್ಲ, ಸಾಮಾನ್ಯ ಜನರವು. ನಡುಗಾಲದ ಬಟ್ಟೆ ಹೊಲಿಯುವ ಯಾರೇ ಆದರೂ ಈ ಅಂಗಿಗಳ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿಯೇ ಇರುತ್ತಾರೆ. ಅಲ್ಲಿ ಸಿಕ್ಕ ಮುಸುಕುಟೊಪ್ಪಿ ತಲೆ, ಕತ್ತು, ಹೆಗಲು ಮೂರನ್ನೂ ಮುಚ್ಚುತ್ತದೆ, ಮುಖಕ್ಕೆ ಮಾತ್ರ ಕಿಂಡಿ. ಹಿಂದುಗಡೆ ಉದ್ದನೆಯ ಬಾಲ ಇಳಿಬಿದ್ದಿರುತ್ತದೆ.

ಇದಕ್ಕೆ ನನ್ನ ಬಳಿ ಮೂರು ಪದ ಇವೆ. ಮಕ್ಕಳಿಗೆ ಹಾಕುವ ‘ಕುಲಾವಿ’. ತಲೆಗೆ ಕೂತು ಬೆನ್ನಿನ ಮೇಲೆ ಇಳಿಯುವ ‘ಕುಂಚಿಗೆ’. ಮಲೆನಾಡಿನ ಮಳೆಯಲ್ಲಿ ಕಂಬಳಿ ಮಡಚಿ ತಲೆಗೆ ಹಾಕಿಕೊಳ್ಳುವ ‘ಕೊಪ್ಪೆ’. ಕುಲಾವಿಯನ್ನು ನಾನು ಬೇರೆ ಕಡೆಗೆ ಎತ್ತಿಟ್ಟಿದ್ದೇನೆ. ಅದು ಪಾರಸಿಯ ‘ಕುಲಾಹ್’ ಬಳ್ಳಿಯ ಪದ. ವಿಜಯನಗರದ ಆಸ್ಥಾನದವರು ತೊಡುತ್ತಿದ್ದ ಎತ್ತರದ ‘ಕುಳ್ಳಾಯಿ’ ಕೂಡ ಅದೇ ಬಳ್ಳಿಯದು. ಲೇಪಾಕ್ಷಿಯ ಚಿತ್ರಗಳಲ್ಲಿ ಗಂಡಸರ ತಲೆಯ ಮೇಲೆ ಅದು ಕಾಣುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗಲ್ಲಿನ ದೊಮಿಂಗೊ ಪಾಯಿಸ್ ಕೃಷ್ಣದೇವರಾಯನ ಜರಿಯ ಟೊಪ್ಪಿಯ ಬಗ್ಗೆ ಬರೆದಿದ್ದಾನೆ. ಆ ಕಾಲವೂ ನಮ್ಮ ಕೂಟದ ಗಡಿಯೊಳಗೇ ಬರುತ್ತದೆ, ಹಾಗಾಗಿ ಕುಳ್ಳಾಯಿ, ಅದರ ಜೊತೆಯ ‘ಕಬಾಯಿ’ ನಿಲುವಂಗಿ ಎರಡನ್ನೂ ಒಂದು ದಿನ ಹೊಲಿಯಬೇಕು ಅನ್ನುವ ಆಸೆ ಇದೆ. ಗ್ರೀನ್‌ಲ್ಯಾಂಡಿನ ಟೊಪ್ಪಿಗೆ ಉಳಿದದ್ದು ಕುಂಚಿಗೆ ಮತ್ತು ಕೊಪ್ಪೆ. ಕೊಪ್ಪೆ ಹೊಲಿದದ್ದಲ್ಲ, ಮಡಚಿದ್ದು. ಹೊಲಿದದ್ದು ಅನ್ನುವ ಕಾರಣಕ್ಕೆ ಕುಂಚಿಗೆಯೇ ಸರಿ ಅನ್ನಿಸುತ್ತದೆ. ಆದರೆ ಗಡ್ಡದ ಬೇಟೆಗಾರನ ತಲೆಗೆ ಕುಂಚಿಗೆ ಅಂದರೆ ಓದುಗರಿಗೆ ತೊಟ್ಟಿಲ ಕೂಸೇ ಕಣ್ಣಿಗೆ ಬರುತ್ತದಾ? ಆ ಬಾಲಕ್ಕಂತೂ ರುಮಾಲಿನ ‘ಚುಂಗು’ ಇದ್ದೇ ಇದೆ, ಹುಡುಕುವ ಕೆಲಸವಿಲ್ಲ.

ಮುಂದಿನದು ಪಟ್ಟಿ ನೇಯ್ಗೆ. ಇದಕ್ಕೆ ಮಗ್ಗ ಬೇಡ. ನಾಲ್ಕು ಮೂಲೆಗೂ ತೂತು ಇರುವ ಚೌಕದ ತೆಳು ತುಂಡುಗಳು ಬೇಕು. ಪ್ರತಿ ತೂತಿಗೆ ಒಂದು ಹಾಸುನೂಲು. ಇಂಥವನ್ನು ಸಾಲಾಗಿ ಒತ್ತಿ ಹಿಡಿದು, ನೂಲಿನ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಸೊಂಟಕ್ಕೂ ಕಟ್ಟಿಕೊಂಡು ಕೂರುತ್ತೇವೆ. ಎಲ್ಲವನ್ನೂ ಒಟ್ಟಿಗೆ ಕಾಲು ಸುತ್ತು ತಿರುಗಿಸಿದರೆ ಮೇಲಿನ ನೂಲು ಕೆಳಗೆ ಹೋಗಿ ಹೊಸ ಸಂದು ತೆರೆಯುತ್ತದೆ. ಅದರಲ್ಲಿ ಹೊಕ್ಕುನೂಲು ಹಾಯಿಸಿ, ಬಿಗಿಯಾಗಿ ಬಡಿದು, ಮತ್ತೆ ತಿರುಗಿಸುವುದು. ತಿರುಗಿದಂತೆ ನಾಲ್ಕೂ ನೂಲು ಹುರಿಗೊಳ್ಳುತ್ತವೆ. ಅದಕ್ಕೇ ಈ ಪಟ್ಟಿ ಅಷ್ಟು ಗಟ್ಟಿ. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ಹಡಗಿನಲ್ಲಿ ಇಬ್ಬರು ಹೆಂಗಸರನ್ನು ಹೂಳಿದ್ದರು. 834ರ ಸುಮಾರಿನ ಆ ಗೋರಿಯಲ್ಲಿ ಅರ್ಧ ನೇಯ್ದ ಪಟ್ಟಿಯೊಂದು 52 ಚೌಕಗಳ ಸಮೇತ ಸಿಕ್ಕಿತು. ನೂಲು ಇನ್ನೂ ತೂತುಗಳಲ್ಲೇ ಇತ್ತು.

ಈ ಚೌಕಕ್ಕೆ ಏನನ್ನೋಣ? ಇಲ್ಲಿ ಹೊಸದಾಗಿ ಕಲಿಯುವವರು ಹಳೆಯ ಇಸ್ಪೀಟ್ ಎಲೆಗಳನ್ನು ಚೌಕಕ್ಕೆ ಕತ್ತರಿಸಿ ತೂತು ಹಾಕಿಕೊಳ್ಳುತ್ತಾರೆ. ಹಾಗಾಗಿ ‘ಎಲೆ ನೇಯ್ಗೆ’ ಅಂತ ಕರೆಯೋಣ ಅನ್ನಿಸಿತ್ತು. ಆದರೆ ಕೇಳಿದವರು ಬಾಳೆ ಎಲೆ, ತಾಳೆ ಗರಿ ಅಂದುಕೊಂಡಾರು. ‘ಬಿಲ್ಲೆ ನೇಯ್ಗೆ’ ಹೆಚ್ಚು ನೇರ. ಹಾಸು, ಹೊಕ್ಕು, ಲಾಳಿ ಇವೆಲ್ಲ ನಮ್ಮ ನೇಕಾರರ ಬಾಯಲ್ಲಿ ಇವತ್ತಿಗೂ ಇವೆ, ಅವನ್ನು ಬಿಟ್ಟು ಬೇರೆ ಟಂಕಿಸುವುದು ಬೇಡ. ಲಾಳಿ ಹಾಯುವ ಆ ಸಂದಿಗೆ ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರು ಕಡೆಯ ಮಗ್ಗದವರು ಏನನ್ನುತ್ತಾರೆ? ಅಲ್ಲಿಯವರು ಯಾರಾದರೂ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ.

ಬಣ್ಣದಲ್ಲಿ ತೊಂದರೆ ಕಡಿಮೆ. ಯುರೋಪಿನವರು ವೋಡ್ ಗಿಡದಿಂದ ತೆಗೆಯುತ್ತಿದ್ದ ನೀಲಿಯೂ ನಮ್ಮ ನೀಲಿ ಗಿಡದ ನೀಲಿಯೂ ಒಂದೇ ಸಾರ. ಹಂಡೆಯಿಂದ ಎತ್ತಿದಾಗ ಹಳದಿ ಹಸಿರು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿ. ಅವರ ಕೆಂಪಿನ ಬೇರು ನಮ್ಮ ಮಂಜಿಷ್ಠದ ನೆಂಟ. ಕೆಂಪು ಹಿಡಿಯಲು ಮೊದಲು ಪಟಿಕದ ನೀರಲ್ಲಿ ನೆನೆಸಬೇಕು. ಆ ಕೆಲಸಕ್ಕೆ ನಮ್ಮಲ್ಲಿ ‘ಬಣ್ಣ ಕಚ್ಚಿಸುವುದು’ ಅನ್ನುವ ಒಳ್ಳೆಯ ಮಾತಿದೆ, ಅದನ್ನೇ ಬಳಸುತ್ತೇನೆ.

ಕಸೂತಿಯಲ್ಲಿ ಮಾತ್ರ ಒಂದು ಧೈರ್ಯ ಮಾಡಬೇಕು ಅಂತಿದ್ದೇನೆ, ಬೈಯುವುದಿದ್ದರೆ ಈಗಲೇ ಬೈದುಬಿಡಿ. ಹದಿನಾರನೇ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯ ಕಸೂತಿ ಹಾಕುತ್ತಿದ್ದರು. ಹಾನ್ಸ್ ಹೋಲ್ಬೈನ್ ಬರೆದ ರಾಣಿ ಜೇನ್ ಸೇಮೂರಳ ಚಿತ್ರದಲ್ಲಿ ತೋಳಿನ ತುದಿ ನೋಡಿ. ಅಂಚು ಮಡಚಿದರೂ ಎರಡೂ ಮುಖ ಚೆನ್ನಾಗಿ ಕಾಣಬೇಕು. ಅದಕ್ಕೆ ಎಳೆ ಎಣಿಸಿಕೊಂಡು, ಸೂಜಿ ಮುಂದಕ್ಕೆ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಹಾಕುತ್ತಾರೆ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಇಂಗ್ಲಿಷಿನವರು ಈಗ ಆ ಚಿತ್ರಕಾರನ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಧಾರವಾಡದ ಕಸೂತಿ ಬಲ್ಲವರು ಇಷ್ಟರಲ್ಲಿ ‘ಅಯ್ಯೋ, ಇದು ಗವಂತಿ!’ ಅಂದಿರುತ್ತಾರೆ. ಹೌದು, ಸಾಕ್ಷಾತ್ ಗವಂತಿ. ಗಂಟು ಹಾಕದೆ ದಾರ ಅಡಗಿಸುವ ಶಿಸ್ತು ಕೂಡ ಹಾಗೇ. ಹಾಗಾದರೆ ‘ಆ ತೋಳಿನ ತುದಿಗೆ ಗವಂತಿ ಹಾಕಿದ್ದಾರೆ’ ಅಂತ ನೇರವಾಗಿ ಬರೆಯಬಹುದೇ? ಗವಂತಿ ಅನ್ನುವುದು ಹೊಲಿಗೆಯ ಹೆಸರೋ, ಉತ್ತರ ಕರ್ನಾಟಕದ ಕಲೆಗೆ ಮಾತ್ರ ಮೀಸಲಾದ ಹೆಸರೋ? ಹೊಲಿಗೆಯ ಹೆಸರು ಅನ್ನುವುದು ನನ್ನ ವಾದ. ಕಸೂತಿಯ ಉಳಿದ ಹೊಲಿಗೆಗಳಾದ ಮೆಂಥೆ, ಮುರ್ಗಿ, ನೇಗಿಗಳೂ ಹಾಗೆಯೇ. ಕೈ ಮಾಡುವ ಕೆಲಸ ಒಂದೇ ಆದಾಗ ಹೆಸರೂ ಒಂದಿರಲಿ.

ಕೊನೆಯದಾಗಿ ದರ್ಜಿಗಳಿಗೆ ಒಂದು ಪ್ರಶ್ನೆ. ನಡುಗಾಲದ ಅಂಗಿಯನ್ನು ಬಟ್ಟೆ ಹಾಳಾಗದ ಹಾಗೆ ಆಯತ, ತ್ರಿಕೋನಗಳಾಗಿ ಕತ್ತರಿಸುತ್ತಾರೆ. ಕೈಯಲ್ಲಿ ನೂತು ನೇಯ್ದ ಬಟ್ಟೆಯ ಒಂದು ಗೇಣನ್ನೂ ಎಸೆಯುವ ಹಾಗಿರಲಿಲ್ಲ. ತೋಳು ಎತ್ತಲು ಅನುಕೂಲವಾಗಲಿ ಅಂತ ಕಂಕುಳಿಗೆ ಒಂದು ಚೌಕದ ತುಂಡು, ಘೇರು ಬರಲಿ ಅಂತ ಸೊಂಟದ ಕೆಳಗೆ ಉದ್ದನೆಯ ತ್ರಿಕೋನ ತುಂಡುಗಳು. ನಮ್ಮ ಹಳೆಯ ಜುಬ್ಬ, ಬಾರಾಬಂದಿ ಅಂಗಿಗಳಲ್ಲೂ ಇಂಥ ತುಂಡು ಸೇರಿಸುತ್ತಿದ್ದರು. ಮನೆಯಲ್ಲಿ ಹೊಲಿಗೆ ಬಲ್ಲ ಅಜ್ಜಿಯೋ, ಪೇಟೆಯಲ್ಲಿ ಹಳೆಯ ದರ್ಜಿಯೋ ಇದ್ದರೆ ಈ ಎರಡು ತುಂಡುಗಳಿಗೆ ಅವರು ಏನನ್ನುತ್ತಾರೆ ಅಂತ ಕೇಳಿ ತಿಳಿಸುತ್ತೀರಾ? ಹುಬ್ಬಳ್ಳಿ ಕಡೆ ಒಂದು, ಮಂಗಳೂರು ಕಡೆ ಇನ್ನೊಂದು ಇರಬಹುದು. ಯಾವ ಊರಿನ ಮಾತು ಅಂತಲೂ ಬರೆಯಿರಿ, ಎರಡನ್ನೂ ಇಟ್ಟುಕೊಳ್ಳುತ್ತೇನೆ.