‘ಶಕ್’ ಎಂಬ ಪದಕ್ಕೆ ‘ಹೊಟ್ಟು’ ಸಾಕೇ?

ಕರಡುಪ್ರತಿ: ಅಮೆರಿಕದ ದಕ್ಷಿಣ ಸೀಮೆಯಲ್ಲಿ ನಡೆಯುವ ಕತೆಯೊಂದನ್ನು ಅನುವಾದಿಸುತ್ತಿದ್ದೇನೆ. ಅದರಲ್ಲಿ ‘ಶಕ್’ (shuck, ಹೊರಹೊದಿಕೆ ಅಥವಾ ಅದನ್ನು ತೆಗೆಯುವುದು) ಎಂಬ ಒಂದೇ ಇಂಗ್ಲಿಷ್ ಪದ ನಾಲ್ಕು ವೇಷಗಳಲ್ಲಿ ಬರುತ್ತದೆ. ಅಜ್ಜಿ ಜಗಲಿಯಲ್ಲಿ ಕುಳಿತು ಮೆಕ್ಕೆಜೋಳದ ತೆನೆಗಳನ್ನು ‘ಶಕ್’ ಮಾಡುತ್ತಾಳೆ, ಮಗ ಆಯ್ಸ್ಟರ್ ಎಂಬ ಕಡಲ ಚಿಪ್ಪುಜೀವಿಗಳನ್ನು ‘ಶಕ್’ ಮಾಡುತ್ತಾನೆ, ಮೊಮ್ಮಗ ಮಳೆಯಲ್ಲಿ ನೆನೆದ ಕೋಟನ್ನು ‘ಶಕ್’ ಮಾಡಿ ಮೂಲೆಗೆ ಎಸೆಯುತ್ತಾನೆ, ನೆರೆಮನೆಯ ಮುದುಕನನ್ನು ಯಾರೋ ಹೊಗಳಿದರೆ ಆತ ‘ಶಕ್ಸ್’ ಎಂದು ತಲೆ ತಗ್ಗಿಸುತ್ತಾನೆ. ನಾನು ಮೊದಲನೆಯದಕ್ಕೆ ‘ಜೋಳದ ಹೊಟ್ಟು ತೆಗೆಯುತ್ತಿದ್ದಳು’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ತಪ್ಪೇನು ಎಂಬುದು ತಿಳಿದವರು ಹೇಳಬೇಕು.

ಕಣಜ: ಗೆರೆ ಎಳೆದದ್ದು ಸರಿಯಾಗಿದೆ. ಹೊಟ್ಟು ಎಂಬುದು ಕಣದಲ್ಲಿ ತೂರಿದಾಗ ಗಾಳಿಗೆ ಹಾರುವ, ಅಥವಾ ಗಿರಣಿಯಲ್ಲಿ ಭತ್ತದಿಂದ ಬೇರೆಯಾಗುವ ಪುಡಿಪುಡಿಯಾದ ವಸ್ತು. ಅದನ್ನು ಯಾರೂ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಬಿಚ್ಚುವುದಿಲ್ಲ. ಮೆಕ್ಕೆಜೋಳದ ತೆನೆಯ ಮೇಲಿರುವುದು ಪದರಪದರವಾಗಿ ಸುತ್ತಿಕೊಂಡ ಎಲೆಗಳು; ಕತೆಯ ಸೀಮೆಯಲ್ಲಿ ಅವನ್ನು ಒಣಗಿಸಿ ಹಾಸಿಗೆಗೆ ತುಂಬುತ್ತಿದ್ದರು, ಮೆಕ್ಸಿಕೊದಲ್ಲಿ ತಮಾಲೆ ಎಂಬ ಕಡುಬನ್ನು ಇಂದಿಗೂ ಅವುಗಳಲ್ಲೇ ಸುತ್ತಿ ಬೇಯಿಸುತ್ತಾರೆ. ಹೊಟ್ಟಿನಲ್ಲಿ ಕಡುಬು ಸುತ್ತಲು ಸಾಧ್ಯವೇ?

ಪದಕೋಶಿ: ಕಣಜ ಅವರ ಮಾತನ್ನು ಒಪ್ಪಬಹುದಾದರೂ, ಇಂಗ್ಲಿಷಿನವರೇ ಇಲ್ಲಿ ಅಷ್ಟು ಕಟ್ಟುನಿಟ್ಟಾಗಿಲ್ಲ ಎಂಬುದನ್ನು ಮರೆಯಬಾರದು. ಅದೇ ತೆನೆಯ ಅದೇ ಎಲೆಗೆ ಅಮೆರಿಕದ ಉತ್ತರದ ರಾಜ್ಯಗಳವರು ‘ಹಸ್ಕ್’ ಎನ್ನುತ್ತಾ ಬಂದಿದ್ದಾರೆ, ದಕ್ಷಿಣದವರು ‘ಶಕ್’ ಎನ್ನುತ್ತಾ ಬಂದಿದ್ದಾರೆ. ಭತ್ತದ ಹೊಟ್ಟಿಗೂ ‘ಹಸ್ಕ್’ ಎಂಬ ಪದವೇ ಸಲ್ಲುತ್ತದೆ. ‘ಹಸ್ಕ್’ ಎಂಬುದು ‘ಪುಟ್ಟ ಮನೆ’ ಎಂಬ ಅರ್ಥದ ಹಳೆಯ ಡಚ್ ಪದದಿಂದ ಬಂದಿರಬಹುದೆಂದು ನಿಘಂಟುಗಳು ಊಹಿಸುತ್ತವೆ. ‘ಶಕ್’ 17ನೆಯ ಶತಮಾನದಿಂದ ಬಳಕೆಯಲ್ಲಿದ್ದರೂ ಅದರ ಮೂಲವನ್ನು ಯಾರೂ ಖಚಿತವಾಗಿ ಹೇಳಿಲ್ಲ.

ಕರಡುಪ್ರತಿ: ಹಾಗಾದರೆ ತೆನೆಯ ಎಲೆಗೆ ಕನ್ನಡದಲ್ಲಿ ಪದವೇ ಇಲ್ಲವೇ? ‘ಸಿಪ್ಪೆ’ ಎಂದರೆ ಬಾಳೆಹಣ್ಣು ನೆನಪಾಗುತ್ತದೆ.

ಕಣಜ: ಪದವು ಬೆಳೆಯ ಹೆಸರಿನಲ್ಲೇ ಕುಳಿತಿದೆ. ನಮ್ಮ ಕಡೆ ಅದನ್ನು ಮುಸುಕಿನ ಜೋಳ ಎನ್ನುತ್ತೇವೆ. ಬಿಳಿಜೋಳದ ತೆನೆ ತೆರೆದ ತಲೆಯಲ್ಲಿ ನಿಲ್ಲುತ್ತದೆ, ಇದು ಮುಸುಕು ಹಾಕಿಕೊಂಡು ಬರುತ್ತದೆ. ‘ಅಜ್ಜಿ ತೆನೆಗಳ ಮುಸುಕು ಸುಲಿಯುತ್ತಾ ಕುಳಿತಿದ್ದಳು’ ಎಂದು ಬರೆಯಿರಿ.

ಪದಕೋಶಿ: ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯದು. ಆದರೆ ‘ಗೋವಿನಜೋಳ’ ಎನ್ನುವ ಧಾರವಾಡ, ಹಾವೇರಿಯ ಓದುಗರಿಗೆ ಈ ಸೊಗಸು ಅಷ್ಟಾಗಿ ತಾಗಲಿಕ್ಕಿಲ್ಲ.

ದಾಸ್ತಾನು: ನಾನು ಧಾನ್ಯ ರಫ್ತಿನ ಕಾಗದಪತ್ರಗಳನ್ನು ಕನ್ನಡಕ್ಕೆ ತರುವವನು. ನನ್ನ ಮಟ್ಟಿಗೆ ‘ಶಕ್’ಗಿಂತ ಅಪಾಯಕಾರಿಯಾದದ್ದು ಅದರ ಸೋದರ ‘ಶೆಲ್’. ‘ಶೆಲ್ಡ್’ ಎಂದು ಚೀಲದ ಮೇಲೆ ಬರೆದಿದ್ದರೆ ಚಿಪ್ಪು ತೆಗೆದದ್ದು ಎಂದರ್ಥ. ಹೊಸಬರು ಅದನ್ನು ಚಿಪ್ಪುಳ್ಳದ್ದು ಎಂದು ಓದುತ್ತಾರೆ, ನಾನೂ ಒಮ್ಮೆ ಹಾಗೆಯೇ ಓದಿ ಒಂದಿಡೀ ಪಟ್ಟಿಯನ್ನು ತಿದ್ದಬೇಕಾಯಿತು. ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ, ಏಕೆಂದರೆ ಹೊದಿಕೆ ಹೋದ ಕ್ಷಣವೇ ನಾವು ವಸ್ತುವಿನ ಹೆಸರನ್ನೇ ಬದಲಿಸುತ್ತೇವೆ. ಭತ್ತ ಅಕ್ಕಿಯಾಗುತ್ತದೆ, ಕಡಲೆಕಾಯಿ ಕಡಲೆಬೀಜವಾಗುತ್ತದೆ. ಅವರೆಯಂತೂ ಎರಡು ಸಲ ಹೆಸರು ಬದಲಿಸುತ್ತದೆ: ಸೊನೆಗಾಯಿ ಬಿಡಿಸಿದರೆ ಅವರೆಕಾಳು, ಅದನ್ನು ನೆನೆಹಾಕಿ ಹಿತುಕಿದರೆ ಹಿತುಕಿದ ಬೇಳೆ. ಇಂಗ್ಲಿಷಿನ ‘ಶಕ್’ ಮೊದಲನೆಯ ಕೆಲಸಕ್ಕೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ಹೊಳೆಬದಿ: ಆಯ್ಸ್ಟರ್ ವಿಷಯದಲ್ಲಿ ‘ಸುಲಿ’ ಎಂಬುದನ್ನು ದಯವಿಟ್ಟು ಬಳಸಬೇಡಿ. ಅದರ ಎರಡು ಚಿಪ್ಪುಗಳು ಸೇರುವ ಸಂದಿನಲ್ಲಿ ಮೊಂಡಾದ ಗಿಡ್ಡ ಚೂರಿಯನ್ನು ತೂರಿಸಿ, ತಿರುಚಿ, ಒಳಗೆ ಚಿಪ್ಪನ್ನು ಬಿಗಿಹಿಡಿದಿರುವ ಸ್ನಾಯುವನ್ನು ಕತ್ತರಿಸುತ್ತಾರೆ. ಇದು ಸುಲಿಯುವ ಕೆಲಸವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಊರಿನವನಾದ ನನಗೆ ‘ಚಿಪ್ಪಿನ ಬಾಯಿ ಬಿಡಿಸುತ್ತಿದ್ದ’ ಎಂಬುದೇ ಕಣ್ಣಿಗೆ ಕಟ್ಟುತ್ತದೆ.

ಪದಕೋಶಿ: ಆದರೆ ಮೂಲದಲ್ಲಿ ತಾಯಿಯ ಕೈಗೂ ಮಗನ ಕೈಗೂ ಒಂದೇ ಕ್ರಿಯಾಪದವಿದೆ, ಕೋಟು ಕಳಚುವ ಮೊಮ್ಮಗನಿಗೂ ಅದೇ ಇದೆ. ಕತೆಗಾರರು ಅದನ್ನು ಬೇಕೆಂದೇ ಹೆಣೆದಿದ್ದರೆ, ಮೂರು ಬೇರೆ ಪದಗಳನ್ನು ಹಾಕಿದಾಗ ಆ ಎಳೆ ಕಡಿದುಹೋಗುತ್ತದೆ. ಅಲ್ಲಿ ‘ಕಳಚು’ ಎಂಬುದು ಮೂರನ್ನೂ ಹೊರಬಹುದು.

ಕಣಜ: ಹೊರಬಹುದು, ಆದರೆ ಯಾವುದನ್ನೂ ಚೆನ್ನಾಗಿ ಹೊರುವುದಿಲ್ಲ. ಜೋಳದ ಮುಸುಕನ್ನು ‘ಕಳಚುವ’ ಅಜ್ಜಿಯನ್ನು ನಾನು ಕಂಡಿಲ್ಲ. ಇಂಗ್ಲಿಷ್ ಕ್ರಿಯಾಪದದ ಕಣ್ಣು ಎಸೆಯುವ ವಸ್ತುವಿನ ಮೇಲಿದೆ, ಕನ್ನಡದ ಕಣ್ಣು ಕೈಯ ಚಲನೆಯ ಮೇಲಿದೆ: ಕಾಯಿ ಸುಲಿ, ಅವರೆ ಬಿಡಿಸು, ಬೇಳೆ ಹಿತುಕು, ಭತ್ತ ಕುಟ್ಟು.

ಮೆಟ್ಟುಗತ್ತಿ: ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ದಕ್ಷಿಣ ಸೀಮೆಯಲ್ಲಿ ‘ಕಾರ್ನ್ ಶಕಿಂಗ್’ ಎಂಬುದು ಬರಿಯ ಕೆಲಸವಾಗಿರಲಿಲ್ಲ, ಕೂಟವಾಗಿತ್ತು. ಗುಲಾಮಗಿರಿಯ ಕಾಲದ ತೋಟಗಳಲ್ಲಿ ರಾಶಿಯನ್ನು ಎರಡಾಗಿ ಹಂಚಿ, ಗುಲಾಮರನ್ನು ಎರಡು ತಂಡಗಳಾಗಿ ಕೂರಿಸಿ, ರಾಶಿಯ ಮೇಲೆ ನಿಂತ ನಾಯಕ ಹಾಡು ಎತ್ತಿಕೊಡುತ್ತಿದ್ದ, ಉಳಿದವರು ಸೊಲ್ಲಿಗೆ ಸೊಲ್ಲು ಸೇರಿಸುತ್ತಿದ್ದರು. ಮಲೆನಾಡಿನಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾ ಕತೆ ಹೇಳುತ್ತಿದ್ದುದು ನಿಮಗೆ ನೆನಪಾಗಬಹುದು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬೇಡಿ. ಅಲ್ಲಿ ಸುಲಿದ ಜೋಳ ಸುಲಿದವರದ್ದಾಗಿರಲಿಲ್ಲ. ‘ಶಕ್ ಅಂಡ್ ಜೈವ್’ ಎಂಬ ನುಡಿಗಟ್ಟು, ಅಂದರೆ ಬಿಳಿಯರನ್ನು ಮೆಚ್ಚಿಸಲು ಕಪ್ಪುಜನರು ಹುಸಿಯಾಗಿ ನಡೆದುಕೊಳ್ಳುವುದು, ಇಂದು ನಿಂದೆಯಾಗಿಯೇ ಕೇಳಿಸುತ್ತದೆ. ನಿಮ್ಮ ಕತೆಯಲ್ಲಿ ಅದು ಬಂದರೆ ಹಗುರವಾಗಿ ‘ನಾಟಕವಾಡು’ ಎಂದು ಬರೆದು ಮುಂದೆ ಹೋಗಬೇಡಿ.

ಕರಡುಪ್ರತಿ: ಅದು ಬಂದಿಲ್ಲ. ಉಳಿದಿರುವುದು ಮುದುಕನ ‘ಶಕ್ಸ್’ ಮಾತ್ರ.

ದಾಸ್ತಾನು: ಸುಲಿದೆಸೆದ ಎಲೆಗೆ ಬೆಲೆಯಿಲ್ಲ ಎಂಬುದರಿಂದ ಹುಟ್ಟಿದ ಉದ್ಗಾರವೆಂದು ಅದನ್ನು ವಿವರಿಸುತ್ತಾರೆ. ಬೇಸರಕ್ಕೆ ‘ಛೆ’ ಸಾಕು, ಸಂಕೋಚಕ್ಕೆ ಸಾಲದು. ‘ಅಯ್ಯೋ, ಅದೇನು ಮಹಾ ಬಿಡಿ’ ಎಂದರೆ ಮುದುಕ ತಲೆ ತಗ್ಗಿಸಿದ್ದು ಕಾಣಿಸುತ್ತದೆ.

ಕರಡುಪ್ರತಿ: ಹಾಗಾದರೆ ಅಜ್ಜಿ ಮುಸುಕು ಸುಲಿಯುತ್ತಾಳೆ, ಮಗ ಚಿಪ್ಪಿನ ಬಾಯಿ ಬಿಡಿಸುತ್ತಾನೆ, ಮೊಮ್ಮಗ ಕೋಟು ಕಳಚಿ ಎಸೆಯುತ್ತಾನೆ. ಪದಕೋಶಿಯವರು ಹೇಳಿದ ಎಳೆ ಕಡಿಯುತ್ತದೆ ಎಂದು ಗೊತ್ತಿದ್ದೇ ಹೀಗೆ ಬರೆಯುತ್ತಿದ್ದೇನೆ.

ಪದಕೋಶಿ: ನನ್ನ ತಕರಾರು ಹಾಗೆಯೇ ಇರಲಿ. ಕೊನೆಯ ಪಕ್ಷ ಮೊಮ್ಮಗನ ಕೋಟನ್ನಾದರೂ ‘ಸುಲಿದೆಸೆದ’ ಎಂದು ಬರೆದು ನೋಡಿ. ನೆನೆದ ಬಟ್ಟೆ ಮೈಗೆ ಅಂಟಿರುತ್ತದೆಯಾದ್ದರಿಂದ ಅದು ಹೊಂದುತ್ತದೆ, ಅಜ್ಜಿಯ ಕೈಯೂ ನೆನಪಾಗುತ್ತದೆ.