ಎಷ್ಟು ಬಡಿದರೂ ತಬಲಾದ ಸ್ವರ ನಿಲ್ಲುತ್ತಿಲ್ಲ

ಪ್ರಶ್ನೆ (ಜಮಖಂಡಿ):
ನಮ್ಮ ಓಣಿಯ ಭಜನಾ ಮಂಡಳಿಗೆ ಎರಡು ತಿಂಗಳ ಹಿಂದೆ ಹೊಸ ತಬಲಾ ತಂದಿದ್ದೇವೆ. ಪೇಟಿಯವರು (ಹಾರ್ಮೋನಿಯಂ ನುಡಿಸುವವರು) ಕರಿ ಎರಡರಲ್ಲಿ, ಅಂದರೆ ಪೇಟಿಯ ಎರಡನೆಯ ಕರಿ ಕೀಯ ಸ್ವರದಲ್ಲಿ, ಹಾಡಿಸುತ್ತಾರೆ. ಗಟ್ಟಾಗಳನ್ನೆಲ್ಲ (ಪಕ್ಕದ ತೊಗಲಿನ ಪಟ್ಟಿಗಳಡಿ ಸಿಕ್ಕಿಸಿದ ಕಟ್ಟಿಗೆಯ ತುಂಡುಗಳನ್ನು) ಕೆಳಗೆ ಬಡಿದು ಆ ಸ್ವರಕ್ಕೆ ತಂದರೂ ಎರಡು ಪದ ಮುಗಿಯುವಷ್ಟರಲ್ಲಿ ಇಳಿದಿರುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ‘ತಿಂ’ ನುಡಿಸಿದಾಗ ಎರಡು ನಾದಗಳು ಒಂದನ್ನೊಂದು ತಿಕ್ಕಿದಂತೆ ನಡುಗುತ್ತವೆ. ಹಲಗಿಯಂತೆ ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆಂದು ಹಿರಿಯರೊಬ್ಬರು ಹೇಳಿದರು. ಹಿಡಿಯಬಹುದೇ?

ಉತ್ತರ 1 (ಬಾಗಲಕೋಟೆ):
ದಯವಿಟ್ಟು ಬೆಂಕಿಯ ಹತ್ತಿರ ಒಯ್ಯಬೇಡಿ. ಹೋಳಿಯಲ್ಲಿ ನಮ್ಮೂರಿನ ಹುಡುಗರು ಹಲಗಿ ಕಾಯಿಸುವುದು ನಿಜ, ಆದರೆ ಅದು ಬರಿಯ ತೊಗಲು. ತಬಲಾದ ಕರಣೆ, ಅಂದರೆ ನಡುವಿನ ಕರಿ ವೃತ್ತ, ಕಬ್ಬಿಣದ ಪುಡಿಯನ್ನು ಗಂಜಿಯಲ್ಲಿ ಕಲಸಿ, ಪದರಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ಮಾಡಿದ್ದು. ಕಾವಿಗೆ ಅದು ಚಕ್ಕೆಯೆದ್ದರೆ ಮತ್ತೆ ಕೂಡುವುದಿಲ್ಲ.

ಉತ್ತರ 2 (ಬೆಳಗಾವಿ):
ನಡುಗುವ ನಾದಕ್ಕೆ ಕಾರಣ ಮನೆಗಳ, ಅಂದರೆ ತೊಗಲಿನ ಅಂಚಿನ ಸುತ್ತಲಿನ ಹದಿನಾರು ಭಾಗಗಳ, ಬಿಗುವು ಒಂದೇ ಸಮನಿಲ್ಲದಿರುವುದು. ನಡುವಿನ ಕರಣೆಯ ಭಾರದಿಂದಲೇ ತಬಲಾದ ಉಪಸ್ವರಗಳು ತಂತಿವಾದ್ಯದಂತೆ ಮೂಲಸ್ವರದೊಡನೆ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಸುತ್ತಲಿನ ಬಿಗುವು ಏರುಪೇರಾದರೆ ಆ ಹೊಂದಿಕೆ ಒಡೆದು, ಒಂದಾಗಿರಬೇಕಾದ ಸ್ವರ ಎರಡಾಗಿ ಕೇಳಿಸುತ್ತದೆ.

ಗಟ್ಟಾಗಳಿಂದ ಸ್ವರವನ್ನು ಸಮೀಪಕ್ಕೆ ತಂದ ಮೇಲೆ ಅವುಗಳನ್ನು ಬಿಟ್ಟುಬಿಡಿ. ಉಳಿದ ಕೆಲಸವೆಲ್ಲ ಗಜರಾದ, ಅಂದರೆ ಅಂಚಿನ ಸುತ್ತ ಹೆಣೆದ ತೊಗಲಿನ ಬಳೆಯ, ಮೇಲೆಯೇ ಆಗಬೇಕು. ಅನಾಮಿಕಾ ಬೆರಳನ್ನು ಕರಣೆಯ ಅಂಚಿಗೆ ಹಗುರವಾಗಿ ಇಟ್ಟು, ತಬಲಾ ತಿರುಗಿಸುತ್ತ ಹದಿನಾರೂ ಮನೆಗಳಲ್ಲಿ ‘ನಾ’ ನುಡಿಸಿ, ಅತ್ಯಂತ ಇಳಿದ ಮನೆಯನ್ನು ಹುಡುಕಿ. ಅಲ್ಲಿ ಗಜರಾವನ್ನು ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಬಡಿದರೆ ಸ್ವರ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಬಡಿದರೆ ಇಳಿಯುತ್ತದೆ. ಒಂದು ಮನೆಯನ್ನು ಮುಟ್ಟಿದೊಡನೆ ಅದರ ಎದುರಿನ ಮನೆಯನ್ನೂ ಕೇಳಿ ನೋಡಬೇಕು, ಏಕೆಂದರೆ ಎದುರುಬದುರಿನ ಮನೆಗಳು ಒಟ್ಟಿಗೇ ಏರಿಳಿಯುತ್ತವೆ. ಸುತ್ತಿಗೆಯ ಪೆಟ್ಟು ಚಾಟಿಗೆ (ಗಜರಾದ ಒಳಗಿನ ಅಂಚಿನ ತೊಗಲಿಗೆ) ತಾಗದಂತೆ ಎಚ್ಚರವಿರಲಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ತೊಗಲು ಸಡಿಲಗೊಳ್ಳುವುದರಿಂದ ನಾನು ಪ್ರತಿ ಸಲ ಇದನ್ನು ಮೊದಲಿನಿಂದಲೇ ಮಾಡಬೇಕಾಗುತ್ತದೆ, ಆದರೂ ಆ ಕಾಲು ಗಂಟೆ ನನಗೆ ನುಡಿಸುವಷ್ಟೇ ಇಷ್ಟ.

ಉತ್ತರ 3 (ವಿಜಯಪುರ):
ಪುಡಿಯ, ಅಂದರೆ ತಬಲಾದ ಬಾಯಿಗೆ ಬಿಗಿದ ತೊಗಲಿನ ಮುಚ್ಚಿಗೆಯ, ಅಗಲ ಎಷ್ಟಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಕರಿ ಎರಡಕ್ಕೆ ಸುಮಾರು 5 ಅಥವಾ 5¼ ಇಂಚಿನ ಪುಡಿ ಬೇಕು. ನಿಮ್ಮದು ಅದಕ್ಕಿಂತ ಅಗಲವಾಗಿದ್ದರೆ, ಆ ಎತ್ತರಕ್ಕೆ ಎಳೆದಷ್ಟೂ ಅದು ಇಳಿಯುತ್ತಲೇ ಇರುತ್ತದೆ; ಒಂದು ದಿನ ಪುಡಿ ಹರಿಯಲೂಬಹುದು.

ಪ್ರಶ್ನೆ ಕೇಳಿದವರು (ಜಮಖಂಡಿ):
ಅಳೆದು ನೋಡಿದೆ, 5¾ ಇಂಚು ಇದೆ. ಅಂಗಡಿಯಲ್ಲಿ ಕೊಳ್ಳುವಾಗ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿನ್ನೆ ಗಟ್ಟಾಗಳನ್ನು ಮೇಲಕ್ಕೆ ಸರಿಸಿ, ಬಿಳಿ ಒಂದಕ್ಕೆ ಇಳಿಸಿ, ಹದಿನಾರು ಮನೆಗಳನ್ನೂ ಬೆಳಗಾವಿಯವರು ಹೇಳಿದಂತೆ ಸರಿಪಡಿಸಿದೆ. ‘ತಿಂ’ ಈಗ ಗಂಟೆಯಂತೆ ಒಂದೇ ನಾದವಾಗಿ ಹರಿಯುತ್ತಿದೆ. ಸೋಮವಾರದ ಭಜನೆಯಲ್ಲಿ ಬಿಳಿ ಒಂದರಲ್ಲಿಯೇ ಹಾಡಿ ನೋಡಲು ಪೇಟಿಯವರು ಒಪ್ಪಿದ್ದಾರೆ. ಹಾಡುವವರಿಗೆ ಅದು ತೀರ ಕೆಳಗಾದರೆ 5¼ ಇಂಚಿನ ಇನ್ನೊಂದು ತಬಲಾ ತರುತ್ತೇವೆ.