ಹಕ್ಕಿಯೂ ‘ಮೊರೆ’ಯಿಟ್ಟೀತೇ?

ಗೆಳೆಯರೇ,

ಐರ್ಲೆಂಡಿನ ಫ್ರಾನ್ಸಿಸ್ ಲೆಡ್ವಿಜ್ ಬರೆದ ಹನ್ನೆರಡು ಸಾಲಿನ ಶೋಕಗೀತೆಯೊಂದನ್ನು ಕನ್ನಡಿಸಲು ಹೊರಟು ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಡಬ್ಲಿನ್ ದಂಗೆಗಾಗಿ 1916ರ ಮೇ 3ರಂದು ಬ್ರಿಟಿಷರು ಗುಂಡಿಟ್ಟು ಕೊಂದ ಕವಿ ಥಾಮಸ್ ಮ್ಯಾಕ್‌ಡೊನಾನನ್ನು ನೆನೆದು ಬರೆದದ್ದು. ಬರೆದವನು ಅದೇ ಬ್ರಿಟಿಷ್ ಸೇನೆಯ ಸಿಪಾಯಿ. ಆದರೂ ಕವಿತೆಯಲ್ಲಿ ಬಂದೂಕಿಲ್ಲ, ನೆತ್ತರಿಲ್ಲ. ಹಕ್ಕಿ, ಮಳೆ, ಮಾರ್ಚ್ ತಿಂಗಳ ಗಾಳಿ, ಡ್ಯಾಫೊಡಿಲ್ ಹೂವು, ಕೊನೆಗೊಂದು ಕರಿಹಸು. (ಆ ಹಸು ಐರ್ಲೆಂಡೇ, ನಮ್ಮ ಓದುಗರಿಗೆ ಪುಣ್ಯಕೋಟಿ ನೆನಪಾದರೆ ಕೆಟ್ಟಿತು!)

ಸತ್ತವನಿಗೆ ಇನ್ನು ಬಿಟರ್ನ್ ಹಕ್ಕಿಯ ದನಿ ಕೇಳಿಸದು ಎನ್ನುವುದು ಮೊದಲ ಮಾತು. ಬಿಟರ್ನ್ ಬಕದ ಬಳಗದ್ದು; ಜೊಂಡಿನಲ್ಲಿ ಜೊಂಡಾಗಿ ನಿಲ್ಲುವ ಕಂದುಗೆರೆಯ ಹಕ್ಕಿ. ‘ಬಕ’ ಎಂದರೆ ಬಕಧ್ಯಾನ ಬೆನ್ನಿಗೆ ಬರುತ್ತದೆ. ‘ಕೊಕ್ಕರೆ’ ಎಂದರೆ ಬಯಲಲ್ಲಿ ಎದ್ದು ಕಾಣುವ ಹಕ್ಕಿಯಾಗಿಬಿಡುತ್ತದೆ. ಇದರ ಗುರುತನ್ನು ಮಸುಕಾಗಿಸುವಂತೆಯೂ ಇಲ್ಲ. ಹೆಪ್ಪುಗಟ್ಟಿದ ಕೆರೆಯ ಬಳಿ ಬಾಯಾರಿ ಸತ್ತ ಹಳದಿ ಬಿಟರ್ನ್ ಕುರಿತ ಹಳೆಯ ಐರಿಷ್ ಕವಿತೆಯನ್ನು ಇಂಗ್ಲಿಷಿಗೆ ತಂದವನೇ ಮ್ಯಾಕ್‌ಡೊನಾ. ಹಾಗಾಗಿ ‘ಬಿಟರ್ನ್’ ಎಂದೇ ಉಳಿಸಿಕೊಂಡೆ.

ತೊಡಕು ಅದರ ದನಿಯದು. ಮೂಲದ ಪದಕ್ಕೆ ಕೂಗು, ಅಳು ಎರಡೂ ಅರ್ಥ. ನಮ್ಮ ‘ಕೂಗು’ ಅಳುವುದಿಲ್ಲ. ‘ಅಳು’ ಎಂದರೆ ಹಕ್ಕಿ ಮನುಷ್ಯನಾಗುತ್ತದೆ. ನನಗೆ ಹೊಳೆದದ್ದು ‘ಮೊರೆ’. ಕಡಲು ಮೊರೆಯುತ್ತದೆ, ಹಳಗನ್ನಡದಲ್ಲಿ ದುಂಬಿಯೂ ಮೊರೆಯುತ್ತದೆ, ನೊಂದವರು ಮೊರೆಯಿಡುತ್ತಾರೆ. ಗಂಡು ಬಿಟರ್ನ್ ದನಿಯೂ ಖಾಲಿ ಮಡಕೆಯ ಬಾಯಿಗೆ ಊದಿದ ಹಾಗೆ ತಗ್ಗಿನದು, ಇಂಪಿನದಲ್ಲ. ಆದರೆ ‘ಮೊರೆ’ ಎಂದಾಗ ಯಾರಿಗೆ ಎಂಬ ಪ್ರಶ್ನೆ ಹುಟ್ಟುತ್ತದಲ್ಲವೇ? ಇಲ್ಲಿ ಕೇಳುವವನೇ ಇಲ್ಲ. ನನ್ನ ಮಟ್ಟಿಗೆ ಅದೇ ಈ ಪದದ ಬಲ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ನಾಲ್ಕನೆಯ ಸಾಲಿನಲ್ಲಿ ಮಳೆಯೂ ಗೋಳಿಡುತ್ತದೆ. ಹಕ್ಕಿಗೆ ‘ಮೊರೆ’ ಕೊಟ್ಟರೆ ಮಳೆಗೆ ಬೇರೆ ಪದ ಬೇಕು. ‘ಸೋನೆ’ ತೀರಾ ಮೆತ್ತಗೆ, ‘ಜಡಿಮಳೆ’ಗೆ ಸದ್ದಿದೆ, ಸಂಕಟವಿಲ್ಲ. ಸದ್ಯಕ್ಕೆ ‘ಮಳೆಯ ಹಲುಬು’ ಎಂದು ಬರೆದಿಟ್ಟಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಗೆಲಿಪೊಲಿ, ಸರ್ಬಿಯಾಗಳಲ್ಲಿ ಹೋರಾಡಿ, 1917ರ ಜುಲೈ 31ರಂದು ಬೆಲ್ಜಿಯಂನಲ್ಲಿ ರಸ್ತೆ ಕೆಲಸದ ನಡುವೆ ಶೆಲ್ಲಿಗೆ ಸಿಕ್ಕು ಸತ್ತ ಲೆಡ್ವಿಜ್‌ನ ಮಳೆ ಅದು; ‘ಹಲುಬು’ ಸಾಕೇ, ಇನ್ನೂ ಒರಟಾದದ್ದು ಯಾರಿಗಾದರೂ ನೆನಪಿದೆಯೇ?